ಲೈಕ್ರಾ ಬಾಡಿಸೂಟ್ ಒಗೆಯುವುದು, ಒಣಗಿಸುವುದು, ಎತ್ತಿಡುವುದು: ವೇಷದ ಬಟ್ಟೆಗೆ ಒಂದು ಸಮಗ್ರ ಮಾರ್ಗದರ್ಶಿ

ಸಾವಿರಾರು ರೂಪಾಯಿ ಕೊಟ್ಟು ತರಿಸಿದ ಕಾಸ್‌ಪ್ಲೇ (ಕಾಮಿಕ್ಸ್, ಸಿನಿಮಾ ಪಾತ್ರಗಳ ವೇಷ ಹಾಕುವುದು) ಸೂಟ್ ಮೂರನೇ ಸಲ ಹಾಕುವಷ್ಟರಲ್ಲಿ ಮಂಡಿಯ ಹತ್ತಿರ ಜೋತುಬಿದ್ದಿರುತ್ತದೆ. ಕಂಕುಳಲ್ಲಿ ಹಳದಿ ಕಟ್ಟಿರುತ್ತದೆ. ಕೆಂಪು ಬಣ್ಣ ಹೋಗಿ ಪಕ್ಕದ ಬಿಳಿ ಪಟ್ಟೆಗೆ ಅಂಟಿರುತ್ತದೆ. ಬಟ್ಟೆಯೇ ಸರಿ ಇಲ್ಲ ಅಂತ ಎಲ್ಲರೂ ಬೈಯುತ್ತಾರೆ. ಆದರೆ ಬಹಳ ಸಲ ಬಟ್ಟೆ ಚೆನ್ನಾಗಿಯೇ ಇತ್ತು. ಅದು ಕೆಟ್ಟಿದ್ದು ಬಿಸಿನೀರಿನಲ್ಲಿ, ಹಿಂಡುವ ಕೈಯಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಇಲ್ಲವೇ ಬೆವರಿನಿಂದ ಒದ್ದೆಯಾಗಿ ಬ್ಯಾಗಿನೊಳಗೆ ಎರಡು ದಿನ ಬಿದ್ದಿದ್ದಾಗ.

ಕಾಸ್‌ಪ್ಲೇ ಸೂಟ್, ಡ್ಯಾನ್ಸ್ ಲಿಯೋಟಾರ್ಡ್ (ಮೈಗೆ ಬಿಗಿಯಾಗಿ ಕೂರುವ ಒಂದೇ ತುಂಡಿನ ಉಡುಪು), ಜಿಮ್ನಾಸ್ಟಿಕ್ಸ್ ಮತ್ತು ಸ್ಕೇಟಿಂಗ್ ಉಡುಪು, ತಲೆಯಿಂದ ಕಾಲಿನವರೆಗೆ ಮುಚ್ಚುವ ಝೆಂಟಾಯಿ, ಮಕ್ಕಳ ಛದ್ಮವೇಷಕ್ಕೆ ತಂದ ಹುಲಿಪಟ್ಟೆಯ ಬಾಡಿಸೂಟ್, ಇವೆಲ್ಲ ನೋಡೋಕೆ ಬೇರೆ ಬೇರೆ. ಒಳಗಿನ ಬಟ್ಟೆ ಮಾತ್ರ ಹೆಚ್ಚುಕಡಿಮೆ ಒಂದೇ ಜಾತಿಯದು. ಹಾಗಾಗಿ ಈ ಮಾರ್ಗದರ್ಶಿ ಎಲ್ಲಕ್ಕೂ ಆಗುತ್ತದೆ.

ಈ ಬಟ್ಟೆ ಏಕೆ ಇಷ್ಟು ನಾಜೂಕು

ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುವ ಗುಣ ಬರುವುದು ಸ್ಪ್ಯಾಂಡೆಕ್ಸ್ ನೂಲಿನಿಂದ. ಎಲಾಸ್ಟೇನ್ ಅಂದರೂ ಅದೇ. ಲೈಕ್ರಾ ಅದರ ಒಂದು ಬ್ರಾಂಡ್. 1958ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ಇದು ಪಾಲಿಯುರೆಥೇನ್ ನೂಲು. ತನ್ನ ಉದ್ದದ ಐದು ಪಟ್ಟಿಗಿಂತ ಜಾಸ್ತಿ ಹಿಗ್ಗಿ ವಾಪಸ್ ಬರಬಲ್ಲದು. ಬಾಡಿಸೂಟ್ ಬಟ್ಟೆಯಲ್ಲಿ ಇದು ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ಮಾತ್ರ ಇರುತ್ತದೆ. ಉಳಿದದ್ದು ನೈಲಾನ್ ಇಲ್ಲವೇ ಪಾಲಿಯೆಸ್ಟರ್.

ಆ ಸ್ವಲ್ಪ ಸ್ಪ್ಯಾಂಡೆಕ್ಸ್ ಸತ್ತರೆ ಸೂಟ್ ಸತ್ತ ಹಾಗೆಯೇ. ಅದಕ್ಕೆ ಆಗದಿರುವುದು ಬಿಸಿ, ಕ್ಲೋರಿನ್ ಬ್ಲೀಚ್, ಮೈ ಎಣ್ಣೆ, ಕಡು ಬಿಸಿಲು. ಪಾಲಿಯೆಸ್ಟರ್ ಗಟ್ಟಿ, ನೈಲಾನ್ ಕೂಡ ಗಟ್ಟಿ, ಅವು ಎಷ್ಟು ಒಗೆದರೂ ಹಾಗೇ ಇರುತ್ತವೆ, ಆದರೆ ಅವುಗಳ ಮಧ್ಯೆ ಹೆಣೆದುಕೊಂಡಿರುವ ಈ ಎಳೆ ಒಂದೊಂದಾಗಿ ತುಂಡಾಗುತ್ತಾ ಹೋಗಿ ಒಂದು ದಿನ ಸೂಟ್ ಮೈಗೆ ಕೂರುವುದನ್ನೇ ಬಿಡುತ್ತದೆ. ಮುಂದೆ ಹೇಳುವ ಪ್ರತಿಯೊಂದೂ ಈ ಎಳೆಯನ್ನು ಉಳಿಸಿಕೊಳ್ಳುವುದಕ್ಕಾಗಿ.

ಮೊದಲು ನಿಮ್ಮ ಸೂಟ್ ಯಾವ ತರಹದ್ದು ಅಂತ ತಿಳಿದುಕೊಳ್ಳಿ

ಒಳಗಿನ ಲೇಬಲ್ ನೋಡಿ. ಟಬ್‌ನಲ್ಲಿ ಕೈಯ ಚಿತ್ರವಿದ್ದರೆ ಕೈಯಲ್ಲಿ ಮಾತ್ರ ಒಗೆಯಬೇಕು. ಟಬ್‌ನ ಮೇಲೆ ಇಂಟು (×) ಗುರುತು ಇದ್ದರೆ ನೀರಿಗೆ ಹಾಕಲೇಬಾರದು. ಲೇಬಲ್ ಇಲ್ಲದಿದ್ದರೆ, ಬಾಡಿಗೆ ಅಂಗಡಿಯ ಮತ್ತು ಹೊಲಿಸಿದ ಸೂಟ್‌ಗಳಲ್ಲಿ ಇರುವುದೇ ಇಲ್ಲ ಅಲ್ವಾ, ಆಗ ಕೈಯಿಂದ ಮುಟ್ಟಿ ನೋಡಿಯೇ ತಿಳಿದುಕೊಳ್ಳಬೇಕು.

ಪ್ರಿಂಟ್ ಆದ ಸೂಪರ್‌ಹೀರೋ ಸೂಟ್‌ಗಳು ಬಹುತೇಕ ಪಾಲಿಯೆಸ್ಟರ್. ಇವುಗಳಿಗೆ ಸಬ್ಲಿಮೇಶನ್ ಪ್ರಿಂಟ್ ಹಾಕಿರುತ್ತಾರೆ. ಅಂದರೆ ಸುಮಾರು 200 ಡಿಗ್ರಿ ಶಾಖದಲ್ಲಿ ಬಣ್ಣ ಆವಿಯಾಗಿ ನೂಲಿನ ಒಳಗೇ ಸೇರಿಕೊಳ್ಳುತ್ತದೆ. ಮುಟ್ಟಿದರೆ ಬಣ್ಣದ ಪದರ ಕೈಗೆ ಸಿಗುವುದಿಲ್ಲ. ಈ ಬಣ್ಣ ಸುಲಭವಾಗಿ ಹೋಗುವುದಿಲ್ಲ. ಒಂದೇ ಬಣ್ಣದ, ಮೆತ್ತಗೆ ನುಣುಪಾಗಿರುವ ಡ್ಯಾನ್ಸ್ ಲಿಯೋಟಾರ್ಡ್‌ಗಳು ಹೆಚ್ಚಾಗಿ ನೈಲಾನ್. ಇದರಲ್ಲಿ ಕಡು ಕೆಂಪು, ಕಪ್ಪು, ನೇರಳೆ ಇದ್ದರೆ ಬಣ್ಣ ಬಿಡುವ ಭಯ ಜಾಸ್ತಿ.

ಪರೀಕ್ಷೆ ಸುಲಭ. ಬಿಳಿ ಹತ್ತಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ, ಒಂದು ಹನಿ ಸೋಪ್ ಲಿಕ್ವಿಡ್ ಹಾಕಿ, ಸೂಟ್‌ನ ಒಳಹೊಲಿಗೆಯ ಮೇಲೆ ಒತ್ತಿ ಹಿಡಿಯಿರಿ. ಬಣ್ಣ ಬಂತಾ? ಹಾಗಿದ್ದರೆ ಆ ಸೂಟನ್ನು ಒಂದು ನಿಮಿಷವೂ ನೆನೆಹಾಕಬೇಡಿ. ನೀರಿಗೆ ಉಪ್ಪು ಹಾಕಿದರೆ ಬಣ್ಣ ಗಟ್ಟಿಯಾಗುತ್ತದೆ ಅಂತ ಮನೆಯಲ್ಲಿ ಹೇಳುತ್ತಾರೆ. ಈ ಬಟ್ಟೆಗಳಲ್ಲಿ ಅದರಿಂದ ಏನೂ ಉಪಯೋಗವಿಲ್ಲ.

ಮೇಲೆ ಉಬ್ಬಿದ ಗೆರೆ, ಮಿನುಗುವ ಫಾಯಿಲ್, ಅಂಟಿಸಿದ ಹರಳು, ಚಮಕಿ ಅಥವಾ ಲೆದರ್ ತರಹದ ಪದರ ಇದ್ದರೆ ಅದಕ್ಕೆ ಬೇರೆಯೇ ಕ್ರಮ. ಅದನ್ನು ಕೆಳಗೆ ಬರೆದಿದ್ದೇನೆ.

ಹಾಕಿಕೊಳ್ಳುವ ಮೊದಲೇ ಅರ್ಧ ಕೆಲಸ

ಕೊಳೆ ಬಟ್ಟೆಗೆ ಹತ್ತದಂತೆ ನೋಡಿಕೊಂಡರೆ ಒಗೆಯುವ ಶ್ರಮ ಕಡಿಮೆ. ಒಳಗೆ ತೆಳುವಾದ ಹತ್ತಿ ಬನಿಯನ್ ಅಥವಾ ಡ್ಯಾನ್ಸ್ ಟೈಟ್ಸ್ ಹಾಕಿ. ಬೆವರು ಮೊದಲು ಅದಕ್ಕೆ ಹೋಗುತ್ತದೆ. ಅದನ್ನು ಹೇಗೆ ಬೇಕಾದರೂ ಒಗೆಯಬಹುದು.

ತಲೆ ಮುಚ್ಚುವ ಸೂಟ್ ಆದರೆ ಕೂದಲಿಗೆ ಎಣ್ಣೆ ಹಚ್ಚಿಕೊಂಡು ಹಾಕಲೇಬೇಡಿ. ಮಕ್ಕಳಿಗೆ ಚೆನ್ನಾಗಿ ಎಣ್ಣೆ ಹಚ್ಚಿ ತಲೆ ಬಾಚಿ ಮೇಲೆ ಮುಖವಾಡದ ಹುಡ್ ಎಳೆದುಬಿಡುತ್ತಾರೆ. ಆ ಎಣ್ಣೆ ಲೈಕ್ರಾದೊಳಗೆ ಇಳಿದು ಕೂತುಬಿಡುತ್ತದೆ. ಹಿಂದಿನ ದಿನ ತಲೆಸ್ನಾನ ಮಾಡಿಸಿ, ವಿಗ್ ಕ್ಯಾಪ್ ಅಥವಾ ಹಳೆಯ ಹತ್ತಿ ಕರ್ಚೀಫ್ ಕಟ್ಟಿ, ಆಮೇಲೆ ಹಾಕಿಸಿ. ಡಿಯೋಡರೆಂಟ್ ಹಾಕಿಕೊಂಡರೆ ಪೂರ್ತಿ ಒಣಗಿದ ಮೇಲೆ ಸೂಟ್ ಹಾಕಿ, ಇಲ್ಲದಿದ್ದರೆ ಬೆವರು ತಡೆಯುವ ಬಗೆಯ ಡಿಯೋಡರೆಂಟ್‌ನಲ್ಲಿರುವ ಅಲ್ಯೂಮಿನಿಯಂ ಲವಣ ಬೆವರಿನ ಜೊತೆ ಸೇರಿ ಕಂಕುಳಲ್ಲಿ ಗಟ್ಟಿಯಾಗಿ ಹಳದಿ ಕಟ್ಟುತ್ತದೆ. ಆ ಕಲೆ ತೆಗೆಯುವುದು ಬಹಳ ಕಷ್ಟ.

ಉಂಗುರ, ಬಳೆ, ವಾಚ್ ತೆಗೆದಿಡಿ. ಉಗುರು ಕತ್ತರಿಸಿ. ಸೂಟನ್ನು ಸೊಂಟದ ಹತ್ತಿರ ಹಿಡಿದು ಒಂದೇ ಸಲ ಮೇಲೆಳೆಯಬೇಡಿ. ಕಾಲುಚೀಲ ಹಾಕುವ ಹಾಗೆ ಪಾದದಿಂದ ಸುರುಳಿ ಬಿಚ್ಚುತ್ತಾ, ಬೆರಳ ತುದಿಯಿಂದಲ್ಲ, ಅಂಗೈಯಿಂದ ಸವರುತ್ತಾ ಮೇಲಕ್ಕೆ ತನ್ನಿ. ಮೈ ಒದ್ದೆ ಇದ್ದಾಗ ಹಾಕಲು ಹೋಗಬೇಡಿ. ಹೊಲಿಗೆ ಬಿಡುವುದು ಆಗಲೇ.

ಬಿಚ್ಚಿದ ಮೇಲಿನ ಮೊದಲ ಒಂದು ಗಂಟೆ

ನನ್ನ ಪ್ರಕಾರ ಇಡೀ ಆರೈಕೆಯಲ್ಲಿ ಇದಕ್ಕಿಂತ ಮುಖ್ಯವಾದ ಭಾಗ ಇನ್ನೊಂದಿಲ್ಲ. ವೈಟ್‌ಫೀಲ್ಡ್‌ನಲ್ಲಿ ಕಾಮಿಕ್ ಕಾನ್ (ಕಾಮಿಕ್ಸ್ ಅಭಿಮಾನಿಗಳ ಮೇಳ) ಮುಗಿಸಿ, ಇಡೀ ದಿನ ಬೆವೆತ ಸೂಟನ್ನು ಪ್ಲಾಸ್ಟಿಕ್ ಕವರಿನಲ್ಲಿ ತುರುಕಿ, ಮೆಟ್ರೋ ಹತ್ತಿ ಮನೆಗೆ ಬಂದು, ಸುಸ್ತಾಗಿ ಮಲಗಿ, ಮಾರನೇ ದಿನ ಆಫೀಸಿಗೆ ಹೋಗಿ, ಮೂರನೇ ದಿನ ಕವರ್ ಬಿಚ್ಚುವವರು ಎಷ್ಟೋ ಜನ. ಅಷ್ಟರಲ್ಲಿ ಕಮಟು ವಾಸನೆ ಬಂದಿರುತ್ತದೆ, ಒದ್ದೆ ಕೆಂಪು ಒದ್ದೆ ಬಿಳಿಗೆ ತಾಗಿ ಬಣ್ಣ ಹತ್ತಿರುತ್ತದೆ. ಮಳೆಗಾಲವಾದರೆ ಬೂಷ್ಟು ಕೂಡ. ಬೂಷ್ಟಿನ ಕಪ್ಪು ಚುಕ್ಕೆ ಒಮ್ಮೆ ಕೂತರೆ ತೆಗೆಯಲು ಬ್ಲೀಚ್ ಬೇಕು, ಬ್ಲೀಚ್ ಹಾಕಿದರೆ ಸ್ಪ್ಯಾಂಡೆಕ್ಸ್ ಹೋಗುತ್ತದೆ.

ಹಾಗಾಗಿ ಬಿಚ್ಚಿದ ತಕ್ಷಣ ಸೂಟನ್ನು ಒಳಮೈ ಹೊರಗೆ ತಿರುಗಿಸಿ. ಸ್ಥಳದಲ್ಲೇ ನೀರು ಇದ್ದರೆ ಕಂಕುಳು, ಕುತ್ತಿಗೆ, ತೊಡೆಯ ಸಂದಿಯನ್ನು ತಣ್ಣೀರಿನಲ್ಲಿ ಅದ್ದಿ ತೆಗೆದು ಟವೆಲ್‌ನಲ್ಲಿ ಒತ್ತಿ. ನೀರು ಇಲ್ಲದಿದ್ದರೆ ಹತ್ತಿ ಟವೆಲ್‌ನಲ್ಲಿ ಸುತ್ತಿಕೊಂಡು ಬಟ್ಟೆಯ ಚೀಲದಲ್ಲಿ ತನ್ನಿ. ಎರಡು ಬಣ್ಣದ ಸೂಟ್ ಆದರೆ ಮಡಿಕೆಗಳ ನಡುವೆ ಟವೆಲ್ ಬರುವಂತೆ ಸುತ್ತಿ. ಮನೆಗೆ ಬಂದ ರಾತ್ರಿ ಒಗೆಯಲು ಆಗದಿದ್ದರೆ ಪರವಾಗಿಲ್ಲ. ಫ್ಯಾನಿನ ಕೆಳಗೆ ಹರಡಿಬಿಟ್ಟು ಮಲಗಿ. ಅಷ್ಟಾದರೂ ಮಾಡಲೇಬೇಕು.

ಪ್ರತಿ ಸಲ ಹಾಕಿದ ಮೇಲೂ ಒಗೆಯಬೇಕಾ? ಮೈಗೆ ನೇರವಾಗಿ ತಾಗಿದ್ದು, ಬೆವೆತದ್ದು ಆದರೆ ಹೌದು. ಹತ್ತು ನಿಮಿಷ ಅಳತೆ ನೋಡಲು ಹಾಕಿದ್ದರೆ ಬೇಡ, ಗಾಳಿಗೆ ಬಿಟ್ಟರೆ ಸಾಕು.

ನೀರು ಮತ್ತು ಸೋಪು

ನೀರು ತಣ್ಣಗಿರಲಿ, 30 ಡಿಗ್ರಿ ದಾಟಬಾರದು. ನಲ್ಲಿ ನೀರೇ ಸಾಕು. ಚಳಿಗಾಲದ ಬೆಳಗ್ಗೆ ಬೇಕಾದರೆ ಒಂದು ಚೊಂಬು ಬಿಸಿನೀರು ಬೆರೆಸಿ, ಕೈಗೆ ಬೆಚ್ಚಗೆ ಅನ್ನಿಸಬಾರದು.

ಬೋರ್‌ವೆಲ್ ನೀರು ಇರುವವರು ಸ್ವಲ್ಪ ಗಮನ ಕೊಡಿ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡು ಮಾಡುತ್ತವೆ. ಅದು ನೂಲಿನ ಸಂದಿಯಲ್ಲಿ ಕೂತು ಬಟ್ಟೆ ಒರಟಾಗುತ್ತದೆ, ಬಣ್ಣ ಮಂಕಾಗುತ್ತದೆ. ಬಾರ್ ಸೋಪು ಬಿಟ್ಟು ಲಿಕ್ವಿಡ್ ಬಳಸಿದರೆ ಈ ತೊಂದರೆ ಬಹಳ ಕಡಿಮೆ. ಕೊನೆಯ ಸಲ ಜಾಲಿಸಲು ಒಂದು ಬಕೆಟ್ ಕಾವೇರಿ ನೀರೋ ಮಳೆನೀರೋ ಸಿಕ್ಕರೆ ಇನ್ನೂ ಒಳ್ಳೆಯದು. ಆರ್‌ಒ ಮಿಷಿನ್‌ನಿಂದ ಹೊರಬರುವ ವೇಸ್ಟ್ ನೀರನ್ನು ಹಿಡಿದಿಟ್ಟು ಬಟ್ಟೆಗೆ ಬಳಸುವ ರೂಢಿ ಈಗ ಬಹಳ ಮನೆಗಳಲ್ಲಿದೆ. ಒಳ್ಳೆಯ ಅಭ್ಯಾಸವೇ, ಆದರೆ ಈ ಸೂಟ್‌ಗೆ ಬೇಡ. ಆ ನೀರಿನಲ್ಲಿ ಲವಣ ಮೂಲ ನೀರಿಗಿಂತ ಜಾಸ್ತಿ ಇರುತ್ತದೆ.

ಸೋಪಿಗೆ ಉಣ್ಣೆ ಬಟ್ಟೆಗೆಂದು ಸಿಗುವ ಈಝಿ, ಜೆಂಟೀಲ್ ತರಹದ ಲಿಕ್ವಿಡ್ ಸಾಕು. ಮಕ್ಕಳ ಶಾಂಪೂ ಕೂಡ ಆಗುತ್ತದೆ. ರೇಷ್ಮೆ ಸೀರೆಗೆ ಬಳಸುವ ಅಂಟುವಾಳಕಾಯಿ ನೀರನ್ನು ಕಡು ಬಣ್ಣದ ಸೂಟ್‌ಗೆ ಧಾರಾಳವಾಗಿ ಬಳಸಬಹುದು, ಬಿಳಿ ಮತ್ತು ತಿಳಿ ಬಣ್ಣಕ್ಕೆ ಬೇಡ, ಅದರ ಕಂದು ಛಾಯೆ ಉಳಿಯುವ ಸಾಧ್ಯತೆ ಇದೆ. ಐದು ಲೀಟರ್ ನೀರಿಗೆ ಒಂದು ಟೀ ಚಮಚ ಲಿಕ್ವಿಡ್. ನೊರೆ ಕಡಿಮೆ ಅಂತ ಮತ್ತೆ ಸುರಿಯಬೇಡಿ. ಉಳಿದುಹೋದ ಸೋಪು ಮೈ ಕೆರೆತಕ್ಕೂ ಕಾರಣ, ವಾಸನೆಗೂ ಕಾರಣ.

ಬೇಡವಾದವುಗಳ ಪಟ್ಟಿ ದೊಡ್ಡದು. ಬ್ಲೀಚ್ ಬೇಡ, ಬಿಳಿ ಸೂಟ್‌ಗೂ ಬೇಡ, ಅದು ಸ್ಪ್ಯಾಂಡೆಕ್ಸನ್ನು ಹಳದಿ ಮಾಡಿ ತಿನ್ನುತ್ತದೆ. ಖಾರವಾದ ಡಿಟರ್ಜೆಂಟ್ ಪೌಡರ್ ಬೇಡ. ಗಂಜಿ ಬೇಡ. ಬಿಳಿ ಬಟ್ಟೆಗೆ ಹಾಕುವ ನೀಲಿ ಈ ಬಟ್ಟೆಯಲ್ಲಿ ತೇಪೆ ತೇಪೆಯಾಗಿ ಕೂರಬಹುದು. ಬಟ್ಟೆ ಮೆತ್ತಗಾಗಲಿ ಅಂತ ಕೊನೆಗೆ ಹಾಕುವ ಫ್ಯಾಬ್ರಿಕ್ ಕಂಡೀಷನರ್ ಅಂತೂ ಬೇಡವೇ ಬೇಡ. ಅದು ನೂಲಿನ ಮೇಲೆ ಜಿಡ್ಡಿನ ಪದರ ಬಿಡುತ್ತದೆ. ಆ ಪದರದ ಕೆಳಗೆ ಬೆವರಿನ ವಾಸನೆ ಉಳಿದುಬಿಡುತ್ತದೆ. ಘಮ್ ಅನ್ನುವ ಸೂಟ್ ಹಾಕಿ ಹತ್ತು ನಿಮಿಷಕ್ಕೇ ಹಳೆಯ ವಾಸನೆ ಏಳುವುದು ಇದರಿಂದಲೇ.

ಕೈಯಲ್ಲಿ ಒಗೆಯುವ ಕ್ರಮ

ಮೊದಲು ತೆಗೆಯಬಹುದಾದ್ದನ್ನೆಲ್ಲ ತೆಗೆಯಿರಿ. ಮುಖವಾಡದ ಕಣ್ಣಿನ ಲೆನ್ಸ್, ಅದರ ಒಳಗಿನ ಮ್ಯಾಗ್ನೆಟ್, ಎಲ್‌ಇಡಿ, ಬ್ಯಾಟರಿ, ಭುಜದ ಫೋಮ್, ಬೆಲ್ಟ್. ಮ್ಯಾಗ್ನೆಟ್ ಒದ್ದೆಯಾದರೆ ತುಕ್ಕು ಹಿಡಿದು ಬಟ್ಟೆಗೂ ಕಲೆ ಮಾಡುತ್ತದೆ. ಝಿಪ್ ಮುಚ್ಚಿ. ವೆಲ್ಕ್ರೋ ಇದ್ದರೆ ಅದನ್ನೂ ಅಂಟಿಸಿ. ಬಿಟ್ಟರೆ ಅದರ ಮುಳ್ಳು ಲೈಕ್ರಾವನ್ನು ಎಳೆದು ದಾರ ಎಬ್ಬಿಸುತ್ತದೆ. ಸೂಟ್ ಒಳಮೈ ಹೊರಗಿರಲಿ. ಬೆವರು ಇರುವುದು ಒಳಗೆ, ಪ್ರಿಂಟ್ ಇರುವುದು ಹೊರಗೆ.

ಬಕೆಟ್ಟಿಗಿಂತ ಅಗಲವಾದ ಟಬ್ ಒಳ್ಳೆಯದು. ಅದನ್ನು ಮೊದಲು ತೊಳೆಯಿರಿ, ಹಿಂದಿನ ಬಟ್ಟೆಯ ಸರ್ಫ್ ಉಳಿದಿರುತ್ತದೆ. ನೀರು ತುಂಬಿಸಿ, ಲಿಕ್ವಿಡ್ ಹಾಕಿ ಕೈಯಾಡಿಸಿ, ಆಮೇಲೆ ಸೂಟ್ ಮುಳುಗಿಸಿ. ಸೂಟಿನ ಮೇಲೆ ನೇರವಾಗಿ ಲಿಕ್ವಿಡ್ ಸುರಿಯಬೇಡಿ.

ಈಗ ಅಂಗೈಯಿಂದ ಒತ್ತಿ, ಬಿಡಿ. ಒತ್ತಿ, ಬಿಡಿ. ಇಷ್ಟೇ ಕೆಲಸ. ಕಲ್ಲಿಗೆ ಬಡಿಯುವುದು, ಬ್ರಶ್ ಹಾಕಿ ಉಜ್ಜುವುದು, ಎರಡು ಕೈಯಲ್ಲಿ ಹಿಡಿದು ತಿಕ್ಕುವುದು ಯಾವುದೂ ಬೇಡ. ತಿಕ್ಕಿದರೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಂಜು ಏಳುತ್ತದೆ, ಅದು ವೇದಿಕೆಯ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಬಣ್ಣ ಬಿಡದ ಸೂಟ್ ಆದರೆ ಹತ್ತರಿಂದ ಹದಿನೈದು ನಿಮಿಷ ನೆನೆಯಲಿ. ರಾತ್ರಿಯಿಡೀ ನೆನೆಹಾಕಬೇಡಿ. ಬಣ್ಣ ಬಿಡುವ ಸೂಟ್ ಆದರೆ ಎರಡು ಮೂರು ನಿಮಿಷದಲ್ಲಿ ಒಗೆದು ತೆಗೆದುಬಿಡಿ.

ಪಾದ ಸೇರಿಸಿ ಹೊಲಿದ ಸೂಟ್‌ಗಳಲ್ಲಿ ಅಡಿಭಾಗ ಕಪ್ಪಾಗಿರುತ್ತದೆ. ಅಲ್ಲಿಗೆ ಮಾತ್ರ ಹಳೆಯ ಮೆತ್ತನೆ ಟೂತ್‌ಬ್ರಶ್ ಬಳಸಿ. ಕೊನೆಗೆ ಒಗೆಯಿರಿ, ಇಲ್ಲದಿದ್ದರೆ ಆ ಮಣ್ಣು ಇಡೀ ಸೂಟಿಗೆ ಹರಡುತ್ತದೆ.

ಎತ್ತುವಾಗ ಒಂದು ತುದಿ ಹಿಡಿದು ಮೇಲೆಳೆಯಬೇಡಿ. ನೀರು ಕುಡಿದ ಸೂಟ್ ಭಾರವಾಗಿರುತ್ತದೆ, ಆ ಭಾರಕ್ಕೇ ತೋಳು, ಕಾಲು ಉದ್ದವಾಗುತ್ತವೆ. ಎರಡೂ ಕೈಯಲ್ಲಿ ಬಾಚಿ ಎತ್ತಿ, ಅಲ್ಲೇ ಒತ್ತಿ ನೀರು ಬಿಡಿಸಿ. ಹೊಸ ನೀರಿನಲ್ಲಿ ಜಾಲಿಸಿ. ನೀರಿನಲ್ಲಿ ನೊರೆ ಕಾಣದವರೆಗೆ ಮತ್ತೆ ಮತ್ತೆ ಜಾಲಿಸಿ, ಸಾಮಾನ್ಯವಾಗಿ ಮೂರು ಸಲ ಬೇಕಾಗುತ್ತದೆ.

ಹಿಂಡಬೇಡಿ. ಟರ್ಕಿ ಟವೆಲ್ ಹಾಸಿ, ಅದರ ಮೇಲೆ ಸೂಟ್ ಹರಡಿ, ಎರಡು ಬಣ್ಣ ಒಂದರ ಮೇಲೊಂದು ಬೀಳುವ ಕಡೆ ಇನ್ನೊಂದು ತೆಳು ಟವೆಲ್ ಇಟ್ಟು, ಚಾಪೆ ಸುತ್ತುವಂತೆ ಸುತ್ತಿ ಮೇಲಿನಿಂದ ಅಂಗೈಯಲ್ಲಿ ಒತ್ತಿ. ಟವೆಲ್ ನೀರು ಎಳೆದುಕೊಳ್ಳುತ್ತದೆ. ತಕ್ಷಣ ಬಿಚ್ಚಿ. ಸುತ್ತಿದ್ದನ್ನು ಹಾಗೇ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ.

ವಾಷಿಂಗ್ ಮಿಷಿನ್ ಆಗುತ್ತದಾ?

ಸಾದಾ ಪ್ರಿಂಟ್ ಸೂಟ್, ಸಾದಾ ಲಿಯೋಟಾರ್ಡ್ ಆದರೆ ಅಪರೂಪಕ್ಕೆ ಆಗುತ್ತದೆ. ಜಾಲರಿ ಚೀಲದಲ್ಲಿ ಹಾಕಿ, ಡೆಲಿಕೇಟ್ ಸೈಕಲ್, ತಣ್ಣೀರು, ಅತಿ ಕಡಿಮೆ ಸ್ಪಿನ್. ಜೊತೆಗೆ ಜೀನ್ಸ್, ಟವೆಲ್, ಹುಕ್ ಇರುವ ಯಾವುದೂ ಇರಬಾರದು. ನಡುವೆ ಕಂಬ ತಿರುಗುವ ಟಾಪ್ ಲೋಡ್‌ಗಿಂತ ಫ್ರಂಟ್ ಲೋಡ್ ಮೃದು. ಡ್ರೈಯರ್ ಮಾತ್ರ ಯಾವ ಸೂಟಿಗೂ ಬೇಡ. ಅದರ ಬಿಸಿಗಾಳಿ ಸ್ಪ್ಯಾಂಡೆಕ್ಸ್‌ಗೆ ಹಾನಿ ಮಾಡುತ್ತದೆ.

ಡ್ರೈಕ್ಲೀನಿಂಗ್‌ಗೆ ಕೊಡುವುದೇ ಸುರಕ್ಷಿತ ಅಂತ ಕೆಲವರು ನಂಬುತ್ತಾರೆ. ಅಲ್ಲಿ ಬಳಸುವ ರಾಸಾಯನಿಕ ಹರಳಿನ ಅಂಟನ್ನು ಕರಗಿಸಬಹುದು, ವಿನೈಲ್ ಪದರವನ್ನು ಗಟ್ಟಿ ಮಾಡುತ್ತದೆ. ಲೇಬಲ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಕೊಡಿ.

ಕಲೆಗಳು

ಅಂಗಡಿಯಲ್ಲಿ ಸಿಗುವ ಕಲೆ ತೆಗೆಯುವ ದ್ರಾವಣವನ್ನು ನೇರವಾಗಿ ಮುಂಭಾಗಕ್ಕೆ ಹಾಕಬೇಡಿ. ಮೊದಲು ಒಳಹೊಲಿಗೆಯಲ್ಲಿ ಒಂದು ಹನಿ ಹಾಕಿ ನೋಡಿ.

ಫೌಂಡೇಶನ್, ಮೇಕಪ್ಪು, ಎಣ್ಣೆ ಬಣ್ಣ ಕುತ್ತಿಗೆಯ ಸುತ್ತ ಹತ್ತುವುದು ಜಾಸ್ತಿ. ಇದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಬೆರಳಿನಿಂದ ನಿಧಾನವಾಗಿ ತಟ್ಟಿ, ಐದು ನಿಮಿಷ ಬಿಟ್ಟು ತೊಳೆಯಿರಿ. ನೀರಿನಲ್ಲಿ ಕರಗುವ ಬಾಡಿ ಪೇಂಟ್ ಆದರೆ ಬರೀ ತಣ್ಣೀರಿಗೇ ಬಹುಪಾಲು ಹೋಗುತ್ತದೆ.

ಕೊಬ್ಬರಿ ಎಣ್ಣೆಯ ವಿಷಯ ಬೇರೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಡಿಕೇರಿಯ ಅಥವಾ ಡಿಸೆಂಬರಿನ ಬೆಂಗಳೂರಿನ ತಣ್ಣೀರಿನಲ್ಲಿ ಎಷ್ಟು ಒಗೆದರೂ ಅದು ಬಟ್ಟೆಯಲ್ಲೇ ಹೆಪ್ಪುಗಟ್ಟಿ ಕೂತಿರುತ್ತದೆ. ಆ ಜಾಗಕ್ಕೆ ಮಾತ್ರ 30 ಡಿಗ್ರಿ ಹತ್ತಿರದ ನೀರು, ಪಾತ್ರೆ ಲಿಕ್ವಿಡ್ ಬಳಸಿ. ಉಳಿದ ಸೂಟ್ ಎಂದಿನಂತೆ ತಣ್ಣೀರಿನಲ್ಲಿ.

ಅರಿಶಿನ ಹತ್ತಿದರೆ ಸೋಪು ತಾಗಿದ ಕೂಡಲೇ ಅದು ಕೆಂಪಾಗುತ್ತದೆ, ಗಾಬರಿ ಬೇಡ. ಅರಿಶಿನದ ಬಣ್ಣ ಕ್ಷಾರದಲ್ಲಿ ಹಾಗೆಯೇ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಯಾಗುತ್ತದೆ. ಉಳಿದ ಹಳದಿಗೆ ಬಿಸಿಲೇ ಮದ್ದು, ಆದರೆ ಸೂಟ್ ಪೂರ್ತಿ ಬಿಸಿಲಿಗೆ ಹಾಕುವಂತಿಲ್ಲ. ಮಿಕ್ಕ ಭಾಗಕ್ಕೆ ದಪ್ಪ ಬಟ್ಟೆ ಮುಚ್ಚಿ, ಕಲೆ ಇರುವಷ್ಟು ಜಾಗವನ್ನು ಮಾತ್ರ ಬೆಳಗಿನ ಎಳೆ ಬಿಸಿಲಿಗೆ ಅರ್ಧ ಗಂಟೆ ತೋರಿಸಿ. ಬೇಕಾದರೆ ಇನ್ನೊಂದು ದಿನ ಮತ್ತೆ. ಕುಂಕುಮದ ಪುಡಿ ಬಿದ್ದರೆ ಒರೆಸಬೇಡಿ, ಒಣಗಿರುವಾಗಲೇ ಕೊಡವಿ. ರಕ್ತಕ್ಕೆ ತಣ್ಣೀರು, ತಕ್ಷಣ.

ವಾಸನೆ ಹೋಗದಿದ್ದರೆ

ಪಾಲಿಯೆಸ್ಟರ್ ಹತ್ತಿಗಿಂತ ಜಾಸ್ತಿ ವಾಸನೆ ಹಿಡಿಯುತ್ತದೆ. ಮೈ ಎಣ್ಣೆ ಆ ನೂಲಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ಅದನ್ನೇ ತಿಂದು ಬೆಳೆಯುತ್ತದೆ. ಒಂದು ಪಾಲು ಬಿಳಿ ವಿನೆಗರ್, ನಾಲ್ಕು ಪಾಲು ತಣ್ಣೀರು ಬೆರೆಸಿ ಕಂಕುಳಿನ ಭಾಗವನ್ನು ಕಾಲು ಗಂಟೆ ಅದ್ದಿಟ್ಟು, ಆಮೇಲೆ ಎಂದಿನಂತೆ ಒಗೆಯಿರಿ. ಪ್ರತಿ ಸಲ ಬೇಡ, ವಾಸನೆ ಕೂತಾಗ ಮಾತ್ರ. ವಿನೆಗರ್ ಜೊತೆ ಅಡುಗೆ ಸೋಡಾ ಬೆರೆಸುವುದರಲ್ಲಿ ಅರ್ಥವಿಲ್ಲ, ಒಂದರ ಗುಣ ಇನ್ನೊಂದು ಕೊಲ್ಲುತ್ತದೆ. ವಿನೆಗರ್ ಜೊತೆ ಬ್ಲೀಚ್ ಅಂತೂ ಯಾವ ಕಾರಣಕ್ಕೂ ಸೇರಬಾರದು. ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ಒಂದೇ ದಿನ ಎರಡು ಪ್ರದರ್ಶನ ಇದ್ದು ಒಗೆಯಲು ಸಮಯವೇ ಇಲ್ಲ ಅಂದಾಗ ವಿದೇಶದ ನಾಟಕ, ಬ್ಯಾಲೆ ತಂಡಗಳವರು ವೋಡ್ಕಾಗೆ ನೀರು ಬೆರೆಸಿ ವೇಷದ ಒಳಗೆ ಸಿಂಪಡಿಸುತ್ತಾರೆ. ಆಲ್ಕೋಹಾಲ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಬೇಗ ಆರುತ್ತದೆ. ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅರ್ಧದಷ್ಟು ನೀರು ಬೆರೆಸಿದರೂ ಆಗುತ್ತದೆ. ಒಳಭಾಗಕ್ಕೆ ಮಾತ್ರ ಸಿಂಪಡಿಸಿ, ಪೂರ್ತಿ ಆರಿದ ಮೇಲೆ ಹಾಕಿ. ಅಂಟು, ಫಾಯಿಲ್, ಪೇಂಟ್ ಇರುವ ಕಡೆ ಬೇಡ. ನಮ್ಮ ಗ್ರೀನ್ ರೂಮ್‌ಗಳಲ್ಲಿ ದೇವರ ಮುಂದೆ ದೀಪ, ಊದುಬತ್ತಿ ಹಚ್ಚಿಟ್ಟಿರುತ್ತಾರೆ. ಅದರ ಹತ್ತಿರ ಖಂಡಿತ ಸಿಂಪಡಿಸಬೇಡಿ.

ಒಣಗಿಸುವುದು

ನೆರಳು, ಗಾಳಿ, ಅಡ್ಡಡ್ಡ ಹರಡುವುದು. ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಟವೆಲ್ ಹಾಸಿ ಸೂಟ್ ಹರಡಿ. ಭುಜಕ್ಕೆ ಕ್ಲಿಪ್ ಹಾಕಿ ತಂತಿಗೆ ನೇತುಹಾಕಿದರೆ ನೀರೆಲ್ಲ ಕಾಲಿನ ಕಡೆಗೆ ಇಳಿದು ಸೂಟ್ ಉದ್ದವಾಗುತ್ತದೆ, ಕ್ಲಿಪ್ ಹಲ್ಲಿನ ಗುರುತು ಉಳಿಯುತ್ತದೆ. ಜಾಗವಿಲ್ಲದಿದ್ದರೆ ದಪ್ಪ ಕೋಲಿನ ಮೇಲೆ ಸೊಂಟದ ಹತ್ತಿರ ಮಡಚಿ ಹಾಕಿ, ಎರಡೂ ಕಡೆ ಭಾರ ಸಮ ಇರುವಂತೆ.

ಪಾದ, ಕೈಗವಸು, ಹುಡ್ ಕೊನೆಗೆ ಒಣಗುವ ಜಾಗಗಳು. ಅದರೊಳಗೆ ಒಣ ಕರ್ಚೀಫ್ ತುರುಕಿ ಅರ್ಧ ಗಂಟೆಗೊಮ್ಮೆ ಬದಲಾಯಿಸಿ. ಮಂಗಳೂರು, ಉಡುಪಿ, ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ನೆರಳಲ್ಲಿ ಬಟ್ಟೆ ಒಣಗುವುದೇ ಇಲ್ಲ. ಆಗ ಫ್ಯಾನ್ ಹಾಕಿ, ಒಂದು ರೂಮಿನ ಬಾಗಿಲು ಕಿಟಕಿ ತೆರೆದಿಡಿ. ಬಚ್ಚಲೊಲೆಯ ಮೇಲೆ ಒಣಗಿಸುವ ರೂಢಿ ಅಲ್ಲಿದೆ. ಅದರ ಬಿಸಿ ಈ ಬಟ್ಟೆಗೆ ಆಗದು, ಹೊಗೆಯ ವಾಸನೆಯೂ ಹೋಗುವುದಿಲ್ಲ. ಹೇರ್ ಡ್ರೈಯರ್ ಬಳಸುವುದಾದರೆ ತಣ್ಣನೆ ಗಾಳಿ ಮಾತ್ರ.

ಇಸ್ತ್ರಿ ಬೇಕಾಗುವುದಿಲ್ಲ. ಹಾಕಿಕೊಂಡರೆ ಸುಕ್ಕು ತಾನೇ ಹೋಗುತ್ತದೆ.

ಹರಳು, ಚಮಕಿ, ಫಾಯಿಲ್, ಉಬ್ಬು ಪ್ರಿಂಟ್

ಇವುಗಳನ್ನು ನೀರಿಗೆ ಹಾಕುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಹರಳಿನ ಅಂಟು ನೀರಿಗಿಂತ ಎಳೆತಕ್ಕೆ, ಬಿಸಿಗೆ ಬೇಗ ಬಿಡುತ್ತದೆ. ಸೂಟ್ ಒಳಮೈ ಹೊರಗೆ ಮಾಡಿ, ಕಂಕುಳು ಮತ್ತು ಸಂದಿಯನ್ನು ಸೋಪಿನ ನೀರಿನಲ್ಲಿ ಅದ್ದಿದ ಸ್ಪಂಜಿನಿಂದ ಒತ್ತಿ, ಬರೀ ನೀರಿನ ಸ್ಪಂಜಿನಿಂದ ಮತ್ತೆ ಒತ್ತಿ, ಟವೆಲ್‌ನಿಂದ ಆರಿಸಿ. ಪೂರ್ತಿ ಒಗೆಯಲೇಬೇಕಾದಾಗ ಮೇಲೆ ಹೇಳಿದ ಕ್ರಮವೇ, ಇನ್ನೂ ಮೆತ್ತಗೆ. ತೊಳೆದ ನೀರು ಚೆಲ್ಲುವ ಮೊದಲು ಟಬ್‌ನ ತಳ ನೋಡಿ, ಬಿದ್ದ ಹರಳು ಅಲ್ಲಿ ಸಿಗುತ್ತವೆ.

ಫಾಯಿಲ್ ಬಟ್ಟೆಯನ್ನು ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಮಡಚಿದರೆ ಅಲ್ಲಿ ಬೆಳ್ಳಿ ಹೋಗಿ ಬಟ್ಟೆ ಕಾಣುತ್ತದೆ. ಉಬ್ಬಿದ ಜಾಲದ ಗೆರೆಗಳಿರುವ ಸೂಟ್‌ಗಳು ಮಡಚಿಟ್ಟಲ್ಲಿ ಒಂದಕ್ಕೊಂದು ಅಂಟಿಕೊಳ್ಳಬಹುದು, ಹಾಗಾಗಿ ನಡುವೆ ಬಟರ್ ಪೇಪರ್ ಇಡಿ. ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತದೆ.

ಲೆದರ್ ತರಹ ಹೊಳೆಯುವ ಪಿಯು (ಪಾಲಿಯುರೆಥೇನ್) ಪದರದ ಸೂಟ್ ನಮ್ಮ ಹವೆಗೆ ಸ್ವಲ್ಪ ಕಷ್ಟದ್ದು. ಗಾಳಿಯ ತೇವಾಂಶಕ್ಕೇ ಆ ಪದರ ವರ್ಷಗಳು ಕಳೆದಂತೆ ಒಡೆದು ಸಿಪ್ಪೆ ಏಳುತ್ತದೆ. ಕರಾವಳಿಯಲ್ಲಿ ಇದು ಇನ್ನೂ ಬೇಗ. ಒದ್ದೆ ಬಟ್ಟೆಯಿಂದ ಒರೆಸಿ, ಆರಿಸಿ, ಗಾಳಿಯಾಡುವ ಒಣ ಜಾಗದಲ್ಲಿ ಇಡಿ. ಕರಾವಳಿಯಲ್ಲಿ ಇರುವವರು ಹೊಸ ಸೂಟ್ ಆರಿಸುವಾಗಲೇ ಪಿಯು ಬದಲು ಪ್ರಿಂಟ್ ತೆಗೆದುಕೊಂಡರೆ ಹಣ ಉಳಿಯುತ್ತದೆ.

ಎತ್ತಿಡುವುದು

ಪೂರ್ತಿ ಒಣಗಿದೆಯಾ ಅಂತ ಹೊಲಿಗೆ ಮುಟ್ಟಿ ನೋಡಿ. ಬಟ್ಟೆ ಒಣಗಿದರೂ ಹೊಲಿಗೆ ತಣ್ಣಗಿರುತ್ತದೆ. ಇನ್ನೂ ಒಂದು ರಾತ್ರಿ ಬಿಟ್ಟರೆ ನಷ್ಟವೇನಿಲ್ಲ. ಸಡಿಲವಾಗಿ ಮಡಚಿ ಅಥವಾ ಸುರುಳಿ ಸುತ್ತಿ, ಹಳೆಯ ಹತ್ತಿ ಸೀರೆ ಇಲ್ಲವೇ ಪಂಚೆಯ ತುಂಡಿನಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ಸಿಕ್ಕಿಹಾಕಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹ್ಯಾಂಗರ್‌ನಲ್ಲಿ ತೂಗಿಬಿಟ್ಟರೆ ಭುಜ ಹಿಗ್ಗುತ್ತದೆ.

ನುಸಿಗುಳಿಗೆ ಇಡುವ ಅಗತ್ಯವಿಲ್ಲ. ನುಸಿ ತಿನ್ನುವುದು ಉಣ್ಣೆ, ರೇಷ್ಮೆಯಂಥದ್ದನ್ನು, ನೈಲಾನ್ ಪಾಲಿಯೆಸ್ಟರನ್ನಲ್ಲ. ಗುಳಿಗೆಯ ವಾಸನೆ ಮಾತ್ರ ಸೂಟಿನಲ್ಲಿ ಉಳಿಯುತ್ತದೆ, ಮುಖ ಮುಚ್ಚುವ ಸೂಟ್ ಆದರೆ ಅದನ್ನು ಮೂಗಿನ ಹತ್ತಿರವೇ ಇಟ್ಟುಕೊಂಡು ಕುಣಿಯಬೇಕಾಗುತ್ತದೆ. ಅದರ ಬದಲು ಹೊಸ ಚಪ್ಪಲಿ, ಬ್ಯಾಗ್ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಇಡಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು, ಗಾಳಿಗೆ ಬಿಟ್ಟು, ಬೇರೆ ಗೆರೆಯಲ್ಲಿ ಮಡಚಿಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ.

ಬಾಡಿಗೆಗೆ ತಂದ ಸೂಟ್ ಆದರೆ ಮಗುವಿಗೆ ಹಾಕುವ ಮೊದಲೇ ಒಂದು ಸಲ ಒಗೆಯಿರಿ. ಅಂಗಡಿಯವರನ್ನು ಕೇಳಿ, ಒಂದು ದಿನ ಮುಂಚೆ ತನ್ನಿ. ಹಿಂದಿನ ಮಗುವಿನ ಬೆವರು, ಚರ್ಮದ ಸೋಂಕು ನಿಮ್ಮ ಮಗುವಿಗೆ ಬರುವುದು ಬೇಡ.

ಸಣ್ಣ ರಿಪೇರಿ

ಒಗೆಯುವ ಮೊದಲು ಹೊಲಿಗೆಗಳನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಬಿಟ್ಟ ಹೊಲಿಗೆ ನೀರಿನಲ್ಲಿ ಇನ್ನೂ ದೊಡ್ಡದಾಗುತ್ತದೆ. ಹೊಲಿಯಲು ಬಾಲ್ ಪಾಯಿಂಟ್ ಸೂಜಿ ಬೇಕು, ಅದರ ದುಂಡು ತುದಿ ನೂಲನ್ನು ಕತ್ತರಿಸದೆ ಪಕ್ಕಕ್ಕೆ ಸರಿಸುತ್ತದೆ. ಪಾಲಿಯೆಸ್ಟರ್ ದಾರ, ಅಂಕುಡೊಂಕು ಹೊಲಿಗೆ. ನೇರ ಹೊಲಿಗೆ ಹಾಕಿದರೆ ಮೊದಲ ಸಲ ಬಗ್ಗಿದಾಗಲೇ ಪಟ್ ಅಂತ ಹೋಗುತ್ತದೆ, ಹತ್ತಿ ದಾರವಾದರಂತೂ ಇನ್ನೂ ಬೇಗ. ಟೈಲರ್ ಹತ್ತಿರ ಕೊಡುವಾಗಲೂ ಇದನ್ನು ಹೇಳಿಯೇ ಕೊಡಿ. ಎದ್ದ ದಾರವನ್ನು ಕತ್ತರಿಸಬೇಡಿ, ಸೂಜಿಯಿಂದ ಒಳಗಡೆಗೆ ಎಳೆದುಕೊಳ್ಳಿ. ಝಿಪ್ ಬಿಗಿಯಾದರೆ ಅದರ ಹಲ್ಲಿಗೆ ಬಣ್ಣವಿಲ್ಲದ ಮೇಣದ ಬತ್ತಿ ಸವರಿ. ಎಣ್ಣೆ ಹಾಕಬೇಡಿ.

ಬಟ್ಟೆಯ ಮೇಲೆ ಕೂದಲಿನಂತೆ ಬಿಳಿ ಸಣ್ಣ ಎಳೆಗಳು ಹೊರಬರಲು ಶುರುವಾದರೆ ಒಳಗಿನ ಸ್ಪ್ಯಾಂಡೆಕ್ಸ್ ತುಂಡಾಗುತ್ತಿದೆ ಎಂದರ್ಥ. ಎಳೆದು ಬಿಟ್ಟಾಗ ಬಟ್ಟೆ ಅಲೆ ಅಲೆಯಾಗಿ ಉಳಿಯುತ್ತದೆ. ಅದನ್ನು ಸರಿ ಮಾಡುವ ಉಪಾಯ ಯಾವುದೂ ಇಲ್ಲ. ಮಂಡಿ, ಕಂಕುಳು ಮಾತ್ರ ಹೋಗಿದ್ದರೆ ಅದೇ ಬಣ್ಣದ ಬಟ್ಟೆಯಲ್ಲಿ ಆ ಭಾಗ ಬದಲಿಸಬಹುದು. ಇಡೀ ಸೂಟ್ ಹೋಗಿದ್ದರೆ ಝಿಪ್, ಹರಳು, ಲೆನ್ಸ್, ಪಾದದ ಸೋಲ್ ಬಿಚ್ಚಿಕೊಂಡು, ಬೆನ್ನಿನ ಗಟ್ಟಿ ಇರುವ ಬಟ್ಟೆಯನ್ನು ಮುಂದಿನ ಸೂಟಿನ ತೇಪೆಗೆ ಇಟ್ಟುಕೊಳ್ಳಿ.